ಕಲ್ಲಿನೊಳಗಿನ ಜೀವ, ಮಂಗಳನ ಮಣ್ಣು

ಕಳೆದ ವೈಶಾಖದ ಒಂದು ಸಂಜೆ ನಾವು ನಮ್ಮ ಮೊಮ್ಮಗಳನ್ನು ಕರೆದುಕೊಂಡು ತೊಂಡೇಬಾವಿಯ ಹೊರವಲಯದ ಬಂಡೆಗಳ ಕಡೆಗೆ ನಡೆದು ಹೋಗಿದ್ದೆವು. ದಿನವಿಡೀ ಕಾದಿದ್ದ ಬಂಡೆ ಇನ್ನೂ ಬಿಸಿ ಬಿಡುತ್ತಿತ್ತು. ಹುಲ್ಲು ಒಣಗಿ ಬೆಳ್ಳಗಾಗಿತ್ತು. ಕಲ್ಲಿನ ಮೈಮೇಲೆ ಬೂದಿ ಮೆತ್ತಿದಂತೆ ಅಲ್ಲಲ್ಲಿ ಅಂಟಿಕೊಂಡಿದ್ದ ಒಣ ಮಚ್ಚೆಗಳನ್ನು ಉಗುರಿನಿಂದ ಕೆರೆದು ನೋಡಿದ ಮಗು, "ತಾತ, ಇದು ಸತ್ತು ಹೋಗಿದೆಯಾ?" ಎಂದು ಕೇಳಿತು. ನಾವು ಉತ್ತರ ಹೇಳುವ ಬದಲು ಕೈಯಲ್ಲಿದ್ದ ಬಾಟಲಿಯ ನೀರನ್ನು ಅದರ ಮೇಲೆ ಸ್ವಲ್ಪ ಸುರಿದೆವು. ನಾಲ್ಕೈದು ನಿಮಿಷಗಳಲ್ಲಿ ಆ ಬೂದು ಮಚ್ಚೆಗೆ ಹಸುರು ಛಾಯೆ ಏರಿತು. ಮಗು ಬಾಯಿ ತೆರೆದು ನೋಡುತ್ತಾ ನಿಂತಿತು.

ನಮ್ಮ ತಾಯಂದಿರಿಗೆ ಇದು ಹೊಸದಲ್ಲ. ಮಸಾಲೆಯ ಡಬ್ಬಿಯಲ್ಲಿರುವ ಕಲ್ಲುಹೂವು ಇದೇ ಕುಲಕ್ಕೆ ಸೇರಿದ್ದು. ಹೆಸರಿಗೆ ಹೂವಾದರೂ ಅದು ಹೂವಲ್ಲ, ಒಂದು ಗಿಡವೂ ಅಲ್ಲ. ಶಿಲೀಂಧ್ರವೊಂದು ಪಾಚಿಯೊಂದರೊಡನೆ ಒಂದೇ ಮನೆ ಹೂಡಿ ನಡೆಸುವ ಸಂಸಾರ. ಶಿಲೀಂಧ್ರ ಸೂರು ಒದಗಿಸುತ್ತದೆ, ಪಾಚಿ ಬಿಸಿಲನ್ನು ಬಳಸಿ ಆಹಾರ ಮಾಡುತ್ತದೆ. ನೀರು ಇಲ್ಲದ ತಿಂಗಳುಗಳಲ್ಲಿ ಎರಡೂ ಸತ್ತಂತೆ ಒಣಗಿ ಕುಳಿತು, ನೀರು ಬಿದ್ದೊಡನೆ ಮತ್ತೆ ಉಸಿರಾಡತೊಡಗುತ್ತವೆ.

ಸತ್ತಿದೆಯೋ ಬದುಕಿದೆಯೋ ಎಂಬ ಆ ಪ್ರಶ್ನೆ ಮಗುವಿನದಾದರೂ ಮಕ್ಕಳಾಟಿಕೆಯದಲ್ಲ. ಮಂಗಳ ಗ್ರಹದ ಮಣ್ಣಿನ ಮುಂದೆ ನಿಂತು ಜಗತ್ತಿನ ದೊಡ್ಡ ವಿಜ್ಞಾನಿಗಳು ಅರ್ಧ ಶತಮಾನದಿಂದ ಕೇಳುತ್ತಿರುವುದೂ ಇದನ್ನೇ. ಉತ್ತರ ಹುಡುಕುವ ವಿದ್ಯೆಯನ್ನು ಅವರು ಕಲಿಯುತ್ತಿರುವುದು ಆಕಾಶದಲ್ಲಲ್ಲ, ಭೂಮಿಯ ಅತ್ಯಂತ ಬರಡಾದ ಮರುಭೂಮಿಗಳಲ್ಲಿ. ಆ ಕಥೆಯನ್ನು ನಮ್ಮ ಓದುಗ ಬಂಧುಗಳ ಮುಂದಿಡಬೇಕೆಂದು ಅಂದಿನಿಂದ ಅನಿಸುತ್ತಿತ್ತು.

ನಮ್ಮ ಗೌರಿಬಿದನೂರು ತಾಲ್ಲೂಕಿಗೂ ಆಕಾಶಕ್ಕೂ ಹಳೆಯ ನಂಟು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗಳು ಕೂಡಿ ಇಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ ಕೆಲಸ ಆರಂಭಿಸಿದ್ದು 1976ರಲ್ಲಿ. 'ಟಿ' ಅಕ್ಷರದ ಆಕಾರದಲ್ಲಿ ಸಾಲುಸಾಲಾಗಿ ನೆಟ್ಟ ಸಾವಿರ ಆಂಟೆನಾಗಳು ಸೂರ್ಯನಿಂದಲೂ ದೂರದ ನಕ್ಷತ್ರಲೋಕಗಳಿಂದಲೂ ಬರುವ ರೇಡಿಯೋ ಅಲೆಗಳಿಗೆ ಕಿವಿಗೊಟ್ಟವು. ಜೀವವನ್ನು ಹುಡುಕುವುದು ಅವುಗಳ ಕೆಲಸವಾಗಿರಲಿಲ್ಲ. ಆದರೆ ಅದೇ 1976ರ ಜುಲೈ 20ರಂದು ಅಮೆರಿಕದ ವೈಕಿಂಗ್-1 ನೌಕೆ, ಸೆಪ್ಟೆಂಬರ್ 3ರಂದು ವೈಕಿಂಗ್-2 ನೌಕೆ ಮಂಗಳನ ನೆಲದ ಮೇಲೆ ಇಳಿದವು. ಜೀವವಿದೆಯೇ ಎಂದು ಅಲ್ಲಿನ ಮಣ್ಣನ್ನೇ ನೇರವಾಗಿ ಕೇಳಿದ ಮೊದಲ ಯಂತ್ರಗಳು ಅವು.

ಕೇಳಿದ ಬಗೆ ಸರಳವಾಗಿತ್ತು. ಗಿಲ್ಬರ್ಟ್ ಲೆವಿನ್ ಎಂಬ ವಿಜ್ಞಾನಿ ರೂಪಿಸಿದ ಪರೀಕ್ಷೆಯಲ್ಲಿ ಒಂದು ಚಿಟಿಕೆ ಮಣ್ಣಿಗೆ ಪೋಷಕ ದ್ರವದ ಹನಿಗಳನ್ನು ಹಾಕಿದರು. ಆ ದ್ರವದಲ್ಲಿದ್ದ ಇಂಗಾಲಕ್ಕೆ ವಿಕಿರಣದ ಗುರುತು ಹಾಕಲಾಗಿತ್ತು. ಮಣ್ಣಿನಲ್ಲಿ ಉಣ್ಣುವ ಜೀವಿಯಿದ್ದರೆ ಉಂಡು ಅನಿಲ ಬಿಡಬೇಕು. ಆ ಅನಿಲದಲ್ಲಿ ಗುರುತು ಕಾಣಬೇಕು. ಅನಿಲ ಬಂದಿತು! ಅದೇ ಮಣ್ಣನ್ನು 160 ಡಿಗ್ರಿಯಲ್ಲಿ ಕಾಯಿಸಿ ಹನಿ ಹಾಕಿದಾಗ ಬರಲಿಲ್ಲ. ಹುರಿದ ಬೀಜ ಮೊಳೆಯದಲ್ಲವೇ? ಜೀವ ಸಿಕ್ಕಿತೆಂದೇ ಲೆವಿನ್ನರು ನಂಬಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಆ ಮಾತನ್ನು ಬಿಡಲಿಲ್ಲ. ಆದರೆ ಪಕ್ಕದ ಇನ್ನೊಂದು ಉಪಕರಣ, ಮಣ್ಣನ್ನು ಒಲೆಯಲ್ಲಿ ಕಾಯಿಸಿ ಹೊರಬಂದ ಆವಿಯನ್ನು ಪರೀಕ್ಷಿಸಿ, ಜೀವಕ್ಕೆ ಬೇಕಾದ ಇಂಗಾಲದ ಸಂಯುಕ್ತಗಳೇ ಇಲ್ಲಿಲ್ಲವೆಂದು ವರದಿ ಕೊಟ್ಟಿತು. ಕ್ಲೋರಿನ್ ಕೂಡಿದ ಒಂದೆರಡು ಸರಳ ಸಂಯುಕ್ತಗಳು ಮಾತ್ರ ಸಿಕ್ಕಿದ್ದವು. ಅವು ಭೂಮಿಯಲ್ಲಿ ಉಪಕರಣ ತೊಳೆದ ದ್ರವದ ಉಳಿಕೆ ಇರಬೇಕೆಂದು ಬದಿಗೆ ಸರಿಸಿದರು. ದೇಹವೇ ಇಲ್ಲದ ಮೇಲೆ ಉಂಡವರು ಯಾರು? ಮಂಗಳ ಸತ್ತ ಗ್ರಹವೆಂಬ ತೀರ್ಪು ಬಂದಿತು. ನಮ್ಮ ಕುಂಡಲಿಗಳಲ್ಲಿ ಮಾತ್ರ ಕುಜ ಇನ್ನೂ ಬದುಕಿ ಎಷ್ಟೋ ಮದುವೆಗಳನ್ನು ತಡೆಯುತ್ತಿದ್ದಾನೆ. ಆ ಮಾತು ಬೇರೆ.

ಈ ತೀರ್ಪಿನ ಹಿಂದೆ ಒಬ್ಬ ಮನುಷ್ಯನ ಕಥೆಯಿದೆ. ವುಲ್ಫ್ ವಿಷ್ನಿಯಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ವೈಕಿಂಗ್‌ಗಾಗಿಯೇ ಜೀವ ಹುಡುಕುವ ಉಪಕರಣವೊಂದನ್ನು ವರ್ಷಗಟ್ಟಲೆ ದುಡಿದು ರೂಪಿಸಿದ್ದರು. ಖರ್ಚು ಹೆಚ್ಚಾಯಿತೆಂದು 1972ರಲ್ಲಿ ಅದನ್ನು ನೌಕೆಯಿಂದ ಕೈಬಿಟ್ಟರು. ಮತ್ತೊಬ್ಬರಾಗಿದ್ದರೆ ಮನಸ್ಸು ಮುರಿದು ಮನೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ಇವರು ಅಂಟಾರ್ಕ್ಟಿಕಾಕ್ಕೆ ಹೊರಟರು.

ಅಂಟಾರ್ಕ್ಟಿಕಾ ಎಂದರೆ ಹಿಮವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಅಲ್ಲಿನ 'ಒಣ ಕಣಿವೆ'ಗಳಲ್ಲಿ ಹಿಮವೂ ನಿಲ್ಲುವುದಿಲ್ಲ. ಬರೀ ಕಲ್ಲು, ಮಣ್ಣು, ಕೊರೆಯುವ ಗಾಳಿ. ಮಂಗಳನನ್ನು ಹೋಲುವ ನೆಲ ಭೂಮಿಯಲ್ಲಿ ಇದೇ ಎಂದು ವೈಕಿಂಗ್ ವಿಜ್ಞಾನಿಗಳು ಅಲ್ಲಿನ ಮಣ್ಣನ್ನು ಮೊದಲೇ ಪರೀಕ್ಷಿಸಿದ್ದರು. ಅದರಲ್ಲಿ ಕೆಲವು ಕಡೆ ಜೀವವೇ ಇಲ್ಲವೆಂದು ಕೆಲವರು ಹೇಳಿದ್ದರು. ವಿಷ್ನಿಯಾಕರಿಗೆ ಅದು ಒಪ್ಪಿಗೆಯಾಗಲಿಲ್ಲ. ನೀವು ಹುಡುಕಿದ ರೀತಿ ಸರಿಯಿಲ್ಲವೆಂಬುದು ಅವರ ವಾದ. ಮಣ್ಣನ್ನು ಪ್ರಯೋಗಶಾಲೆಗೆ ತರುವ ಬದಲು ಗಾಜಿನ ಪಟ್ಟಿಗಳನ್ನೇ ಅಲ್ಲಿನ ಮಣ್ಣಿನಲ್ಲಿ ಹೂತು, ಕೆಲವು ಕಾಲದ ಮೇಲೆ ತೆಗೆದು ನೋಡುತ್ತಿದ್ದರು. 1973ರ ಡಿಸೆಂಬರ್ 10ರಂದು ಹಾಗೆ ಹೂತಿಟ್ಟಿದ್ದನ್ನು ತರಲು ಹೋದವರು ಕಡಿದಾದ ಇಳಿಜಾರಿನಲ್ಲಿ ಜಾರಿ ಬಿದ್ದು ಪ್ರಾಣ ಬಿಟ್ಟರು.

ಅವರು ಆರಿಸಿಟ್ಟಿದ್ದ ಕಲ್ಲುಗಳನ್ನು ಪತ್ನಿ ಹೆಲೆನ್ ಅವರು ಇಮ್ರೆ ಫ್ರೀಡ್‌ಮನ್ ಎಂಬ ವಿಜ್ಞಾನಿಗೆ ಕಳುಹಿಸಿಕೊಟ್ಟರು. ಫ್ರೀಡ್‌ಮನ್ನರು ಬಿಸಿಲಿನ ಮರುಭೂಮಿಗಳಲ್ಲಿ ಕಲ್ಲಿನೊಳಗೆ ಅಡಗಿದ ಜೀವಿಗಳನ್ನು ಮೊದಲೇ ಕಂಡವರು. ಅಂಟಾರ್ಕ್ಟಿಕಾದ ಮರಳುಗಲ್ಲನ್ನು ಒಡೆದು ನೋಡಿದಾಗ, ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗೆ, ಮರಳಿನ ಕಣಗಳ ಸಂದಿನಲ್ಲಿ ಹಸುರಿನ ಗೆರೆಯೊಂದು ಕಂಡಿತು. ಹೊರಗಿನ ಚಳಿ ಮತ್ತು ಗಾಳಿಗಳಿಂದ ಕಲ್ಲು ಕಾಯುತ್ತದೆ. ಅರೆಪಾರದರ್ಶಕ ಕಣಗಳ ಮೂಲಕ ಒಂದಿಷ್ಟು ಬಿಸಿಲು ಇಳಿಯುತ್ತದೆ. ಕರಗಿದ ಹಿಮದ ತೇವ ಕೆಲವು ದಿನ ನಿಲ್ಲುತ್ತದೆ. ಅಷ್ಟು ಸಾಕು. ಮುಂದೆ ಅಲ್ಲಿ ನಮ್ಮ ಕಲ್ಲುಹೂವಿನಂತೆ ಶಿಲೀಂಧ್ರ ಮತ್ತು ಪಾಚಿ ಕೂಡಿದ ಸಂಸಾರಗಳು ಕಲ್ಲಿನ ಒಳಗೇ ಬದುಕುವುದೂ ತಿಳಿಯಿತು. ಫ್ರೀಡ್‌ಮನ್ ಮತ್ತು ರೊಸೇಲಿ ಒಕಾಂಪೊ ಅವರು ಆ ಮೊದಲ ಶೋಧವನ್ನು ಪ್ರಕಟಿಸಿದ ವರ್ಷ 1976. ಮಂಗಳನಲ್ಲಿ ಜೀವವಿಲ್ಲವೆಂದ ವರ್ಷವೇ, ಜೀವವಿಲ್ಲವೆಂದು ಕೆಲವರು ಕೈಬಿಟ್ಟಿದ್ದ ಭೂಮಿಯ ಕಣಿವೆಯೊಂದರ ಕಲ್ಲಿನೊಳಗೆ ಜೀವ ಸಿಕ್ಕಿತ್ತು. ವೈಕಿಂಗ್ ನೌಕೆಗಳ ತೋಳಿಗೆ ಮಣ್ಣು ಕೆದಕುವುದು ತಿಳಿದಿತ್ತು, ಕಲ್ಲು ಒಡೆಯುವುದು ತಿಳಿದಿರಲಿಲ್ಲ.

ಇನ್ನೊಂದು ಮರುಭೂಮಿಗೆ ಬರೋಣ. ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮಾ, ಪೂರ್ವಕ್ಕೆ ಆಂಡೀಸ್ ಪರ್ವತಗಳೂ ಪಶ್ಚಿಮಕ್ಕೆ ಕರಾವಳಿಯ ಗುಡ್ಡಗಳೂ ತಡೆಗೋಡೆಯಾಗಿ ನಿಂತ ಸೀಮೆ. ತೀರದಲ್ಲಿ ಹರಿಯುವ ತಣ್ಣನೆಯ ಸಾಗರಪ್ರವಾಹ ಮೋಡವನ್ನು ಮಳೆಯಾಗಲು ಬಿಡುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬಂದರೂ ಉತ್ತರ ಪಿನಾಕಿನಿ ವರ್ಷದ ಬಹುಭಾಗ ಮರಳಿನ ದಾರಿಯಾಗಿಯೇ ಮಲಗಿರುತ್ತದೆ. ಅಟಕಾಮಾದ ನಡುಭಾಗದಲ್ಲಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬಂದರೆ ಹೆಚ್ಚು. ಅಲ್ಲಿನ ಯುಂಗಾಯ್ ಎಂಬ ಪ್ರದೇಶದ ಮಣ್ಣನ್ನು ಮೆಕ್ಸಿಕೊದ ರಫಾಯೆಲ್ ನವಾರೊ-ಗೊನ್ಸಾಲೆಸ್, ನಾಸಾದ ಕ್ರಿಸ್ ಮೆಕೇ ಮತ್ತು ಸಂಗಡಿಗರು ವೈಕಿಂಗ್‌ನ ವಿಧಾನದಲ್ಲೇ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು.

ಈ ಸಲ ಒಂದು ಜಾಣತನ ಮಾಡಿದ್ದರು. ಜೀವಿಗಳು ಬಳಸುವ ಎಷ್ಟೋ ಅಣುಗಳಿಗೆ ನಮ್ಮ ಕೈಗಳಂತೆ ಎಡ-ಬಲಗಳಿವೆ. ಜೀವಿ ಉಣ್ಣುವಾಗ ಭೇದ ಮಾಡುತ್ತದೆ, ತನಗೊಗ್ಗುವ ಕೈಯನ್ನೇ ಆರಿಸುತ್ತದೆ. ಬರೀ ರಾಸಾಯನಿಕಕ್ಕೆ ಆ ಭೇದವಿಲ್ಲ. ವೈಕಿಂಗ್‌ನ ದ್ರವದಲ್ಲಿ ಎಡ-ಬಲಗಳನ್ನು ಬೆರೆಸಿಯೇ ಹಾಕಿದ್ದರಿಂದ ಅದನ್ನು ತಿಳಿಯಲಾಗಿರಲಿಲ್ಲ. ಯುಂಗಾಯ್ ಮಣ್ಣಿಗೆ ಬೇರೆ ಬೇರೆಯಾಗಿ ಹಾಕಿದಾಗ ಎರಡೂ ಸಮವಾಗಿ ಒಡೆದವು. ಅಂದರೆ ಅಲ್ಲಿ ಅನಿಲ ಬಿಟ್ಟಿದ್ದು ಜೀವಿಯಲ್ಲ, ಮಣ್ಣಿನ ರಾಸಾಯನಿಕ. ಜೀವವಿಲ್ಲದ ಮಣ್ಣೂ ಜೀವದಂತೆ ನಟಿಸಬಲ್ಲದು ಎಂಬುದು ಭೂಮಿಯ ಮೇಲೆಯೇ ರುಜುವಾತಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ಮಂಗಳನ ಉತ್ತರಭಾಗದಲ್ಲಿ ಇಳಿದ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವನ್ನು ಕಂಡಿತು. ತಣ್ಣಗಿರುವಾಗ ಸಾಧುವಾದ ಈ ಲವಣ ಕಾದರೆ ಪಟಾಕಿಯ ಮದ್ದಿನಂತೆ ಸುತ್ತಲಿನದನ್ನು ಸುಡುತ್ತದೆ. ನವಾರೊ-ಗೊನ್ಸಾಲೆಸರು ಅಟಕಾಮಾದ ಮಣ್ಣಿಗೆ ಈ ಲವಣ ಬೆರೆಸಿ ವೈಕಿಂಗ್‌ನಂತೆ ಕಾಯಿಸಿದರು. ಆ ಮಣ್ಣಿನಲ್ಲಿದ್ದ ಇಂಗಾಲದ ಸಂಯುಕ್ತಗಳು ಬಹುಪಾಲು ಸುಟ್ಟು ಹೋಗಿ, ಕ್ಲೋರಿನ್ ಕೂಡಿದ ಒಂದೆರಡು ಸರಳ ಸಂಯುಕ್ತಗಳು ಉಳಿದವು. 1976ರಲ್ಲಿ ತೊಳೆದ ದ್ರವದ ಉಳಿಕೆಯೆಂದು ಬದಿಗೆ ಸರಿಸಿದ್ದ ಅವೇ ಸಂಯುಕ್ತಗಳು! ಇದು ಪ್ರಕಟವಾದದ್ದು 2010ರಲ್ಲಿ. ಹುಡುಕುತ್ತಿದ್ದ ವಸ್ತುವನ್ನು ಹುಡುಕುವ ಒಲೆಯೇ ಸುಟ್ಟಿರಬಹುದು ಎಂಬ ಅನುಮಾನ ಬಲವಾಗಲು ಮೂವತ್ತನಾಲ್ಕು ವರ್ಷಗಳು ಬೇಕಾದವು. 2018ರಲ್ಲಿ ಕ್ಯೂರಿಯಾಸಿಟಿ ಶೋಧಯಾನದ ತಂಡ, ಮಂಗಳನ ಪುರಾತನ ಕೆಸರುಗಲ್ಲಿನಲ್ಲಿ ಇಂಗಾಲದ ಸಂಯುಕ್ತಗಳಿರುವುದನ್ನು ಪ್ರಕಟಿಸಿತು. ಅವು ಜೀವಿಯಿಂದ ಬಂದವೆಂದು ಯಾರೂ ಹೇಳಿಲ್ಲ. ಆದರೆ ಇಲ್ಲವೆಂಬ ಹಳೆಯ ಮಾತು ಬಿದ್ದುಹೋಯಿತು.

ಅಟಕಾಮಾದಲ್ಲಿ ಜೀವ ಕೊನೆಗೆ ಎಲ್ಲಿ ಅಡಗಿದೆ ಎಂದರೆ ಗೃಹಿಣಿಯರಿಗೆ ನಗು ಬರಬಹುದು: ಉಪ್ಪಿನ ಗಡ್ಡೆಯೊಳಗೆ. ಉಪ್ಪಿನಕಾಯಿ ಕೆಡದಿರಲೆಂದು ನಾವು ಯಾವುದನ್ನು ಸುರಿಯುತ್ತೇವೆಯೋ ಅದರೊಳಗೇ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಶ್ರಯ. ಆಷಾಢದಲ್ಲಿ ಅಡುಗೆಮನೆಯ ಜಾಡಿಯಲ್ಲಿ ಉಪ್ಪು ತಾನಾಗಿ ನೀರು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳಿಯ ತೇವ ನೂರಕ್ಕೆ 75ರಷ್ಟು ದಾಟಿದಾಗ ಉಪ್ಪು ಅದನ್ನು ಹೀರಿ ಕರಗತೊಡಗುತ್ತದೆ. ಮಳೆಯೇ ಇಲ್ಲದ ಅಟಕಾಮಾದಲ್ಲಿ ರಾತ್ರಿಯ ತಂಪಿನಲ್ಲಿ ಉಪ್ಪು ಹೀಗೆ ಕುಡಿದ ತೇವವನ್ನೇ ಒಳಗಿನ ಜೀವಿಗಳು ಹಂಚಿಕೊಂಡು ಬದುಕುತ್ತವೆ. 2006ರಲ್ಲಿ ಇದು ಬೆಳಕಿಗೆ ಬಂದ ಮೇಲೆ ಮಂಗಳನ ಉಪ್ಪಿನ ನೆಲೆಗಳ ಮೇಲೂ ವಿಜ್ಞಾನಿಗಳ ಕಣ್ಣು ಬಿದ್ದಿದೆ.

ಮಳೆ ಬಂದರೆ ಈ ಜೀವಿಗಳಿಗೆ ಹಬ್ಬವೆಂದು ನಾವು ಎಣಿಸಿದ್ದೆವು. ಬಯಲುಸೀಮೆಯವರಿಗೆ ಬೇರೆ ಯೋಚನೆ ಬರುವುದೂ ಇಲ್ಲ. ಆದರೆ 2017ರಲ್ಲಿ ಯುಂಗಾಯ್‌ನಲ್ಲಿ ಹಿಂದೆಂದೂ ಕಾಣದಷ್ಟು ಮಳೆ ಸುರಿದು ಕುಂಟೆಗಳು ನಿಂತಾಗ ಆದದ್ದೇ ಬೇರೆ. ಒಣಗಿರುವುದಕ್ಕೇ ಒಗ್ಗಿಹೋಗಿದ್ದ ಜೀವಕೋಶಗಳು ಒಮ್ಮೆಲೇ ನುಗ್ಗಿದ ನೀರಿನ ಒತ್ತಡ ತಾಳಲಾರದೆ ಒಡೆದವು. ಅಲ್ಲಿ ಮೊದಲು ಗುರುತಿಸಿದ್ದ ಜಾತಿಗಳಲ್ಲಿ ಮುಕ್ಕಾಲಕ್ಕೂ ಹೆಚ್ಚು ಇಲ್ಲವಾದವೆಂದು 2018ರಲ್ಲಿ ವರದಿಯಾಯಿತು. ಮಂಗಳನ ಮಣ್ಣಿಗೆ ನೀರು ಸುರಿದು ಜೀವವನ್ನು ಎಬ್ಬಿಸಲು ಹೊರಟಿದ್ದ ವೈಕಿಂಗ್ ಕಾಲದ ವಿಧಾನ ನೆನಪಿಗೆ ಬಂದಾಗ ಎದೆ ಝಲ್ಲೆನ್ನುತ್ತದೆ.

ನಮ್ಮ ದೇಶವೂ ಈ ಅಭ್ಯಾಸದಲ್ಲಿ ಹಿಂದೆ ಬಿದ್ದಿಲ್ಲ. ಗೌರಿಬಿದನೂರಿನ ದೂರದರ್ಶಕ ಕಟ್ಟಿದ ಖಭೌತ ಸಂಸ್ಥೆಯೇ ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ವ್ಯಾಸದ ದೂರದರ್ಶಕವನ್ನು ಸ್ಥಾಪಿಸಿ, 2001ರಿಂದ ಅದನ್ನು ನಮ್ಮ ನೆರೆಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಿದೆ. ಆಕಾಶ ಸ್ವಚ್ಛವಾಗಿ ಕಾಣಲು ಯಾವ ಒಣಹವೆ ಬೇಕೋ ಅದೇ ಲಡಾಖನ್ನು ಶೀತ ಮರುಭೂಮಿಯನ್ನಾಗಿ ಮಾಡಿದೆ. ತೆಳುಗಾಳಿ, ತೀಕ್ಷ್ಣ ಬಿಸಿಲು, ಹೆಪ್ಪುಗಟ್ಟಿದ ನೆಲ, ಉಪ್ಪಿನ ಸರೋವರ, ಬಿಸಿನೀರಿನ ಬುಗ್ಗೆ ಎಲ್ಲವೂ ಅಲ್ಲಿ ಒಂದೇ ಸೀಮೆಯಲ್ಲಿವೆ. 2016ರ ಆಗಸ್ಟಿನಲ್ಲಿ ನಾಸಾದ ಮತ್ತು ಆಸ್ಟ್ರೇಲಿಯದ ಸಂಶೋಧಕರು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯವರೊಡನೆ ಅಲ್ಲಿ ಸಂಚರಿಸಿ ಅಧ್ಯಯನ ನಡೆಸಿದರು. 2025ರ ಜುಲೈ 31ರಂದು ಇಸ್ರೊ ಅಧ್ಯಕ್ಷರಾದ ವಿ. ನಾರಾಯಣನ್ ಅವರು ತ್ಸೋ ಕರ್ ಸರೋವರದ ಬಳಿ 'ಹೋಪ್' ಎಂಬ ಅಭ್ಯಾಸ ನೆಲೆಯನ್ನು ಉದ್ಘಾಟಿಸಿದರು. ತ್ಸೋ ಕರ್ ಎಂದರೆ ಬಿಳಿಯ ಸರೋವರ. ದಂಡೆಯ ಉಪ್ಪೇ ಆ ಬಿಳುಪು. ಬೆಂಗಳೂರಿನ ಪ್ರೋಟೊಪ್ಲಾನೆಟ್ ಸಂಸ್ಥೆ ಇಸ್ರೊ ನೆರವಿನಿಂದ ನಿರ್ಮಿಸಿದ ಆ ಗುಡಾರದಂಥ ಮನೆಯಲ್ಲಿ ಆಗಸ್ಟ್ 1ರಿಂದ 10ರವರೆಗೆ ಇಬ್ಬರು ಮಂಗಳನಲ್ಲಿರುವಂತೆಯೇ ವಾಸಿಸಿದರು. ಬೆಂಗಳೂರಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಸೇರಿದಂತೆ ಹಲವು ಸಂಸ್ಥೆಗಳು ಅವರ ದೇಹ ಮತ್ತು ಮನಸ್ಸುಗಳ ಮೇಲಾಗುವ ಪರಿಣಾಮವನ್ನು ಗಮನಿಸಿದವು. ಸೂಕ್ಷ್ಮಜೀವಿಗಳ ಮಾದರಿಯನ್ನು ಕೆಡದಂತೆ ಸಂಗ್ರಹಿಸುವ ಕ್ರಮವನ್ನು ತಿದ್ದಿಕೊಳ್ಳುವುದೂ ಅಲ್ಲಿನ ಉದ್ದೇಶಗಳಲ್ಲಿ ಒಂದು. ಮುಖ್ಯ ಗುರಿ ಮನುಷ್ಯರ ಪ್ರಯಾಣವೇ ಹೊರತು ಜೀವದ ಶೋಧವಲ್ಲ ಎಂಬುದನ್ನೂ ಹೇಳಬೇಕು. ಗುಜರಾತಿನ ಕಛ್‌ನ ಮಾತಾನೊ ಮಢದಲ್ಲಿ ಮಂಗಳನಲ್ಲಿ ಕಂಡ ಜಾರೋಸೈಟ್ ಎಂಬ ಖನಿಜವೇ ಸಿಗುವುದರಿಂದ ಅಲ್ಲಿಯೂ ಅಧ್ಯಯನ ನಡೆದಿದೆ.

ಅಭ್ಯಾಸದ ಬೆಲೆ ಎಂಥದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ಕುಳಿಗಳನ್ನು ಹೋಲುವ ಕುಳಿಗಳನ್ನು ತೋಡಿ, ಮೇಲಿನಿಂದ ಇಳಿತಾಣ ಗುರುತಿಸುವ ಉಪಕರಣಗಳನ್ನು ಪರೀಕ್ಷಿಸಿತು. 2019ರಲ್ಲಿ ಇಳಿಯುವಾಗ ತಪ್ಪಿದ್ದ ಕೆಲಸ 2023ರ ಆಗಸ್ಟ್ 23ರಂದು ಚಂದ್ರಯಾನ-3ರಲ್ಲಿ ಕೈಗೂಡಿತು.

"ಇಲ್ಲಿ ಸಾವಿರ ಅಡಿ ಕೊರೆದರೂ ಬೋರಿನಲ್ಲಿ ನೀರಿಲ್ಲ, ಇವರಿಗೆ ಮಂಗಳನ ನೀರಿನ ಚಿಂತೆಯೇನ್ರೀ?" ಎಂದು ನೆರೆಯ ರೈತ ಬಂಧುವೊಬ್ಬರು ನಮ್ಮನ್ನು ಕೇಳಿದ್ದುಂಟು. ಹೆಸರಿನಲ್ಲೇ ಬಾವಿಯನ್ನು ಇಟ್ಟುಕೊಂಡ ಊರಿನವರು ಕೇಳಬೇಕಾದ ಮಾತೇ ಅದು. ನೌಕೆಗಳಿಗೆ ಆಗುವ ವೆಚ್ಚವನ್ನು ನಾವು ಸಮರ್ಥಿಸಲು ಹೊರಟಿಲ್ಲ. ಆದರೆ ಮರುಭೂಮಿಯ ಅಭ್ಯಾಸಕ್ಕೆ ಆಗುವ ಖರ್ಚು ಅದರ ಮುಂದೆ ಅತ್ಯಲ್ಪ. ಅಭ್ಯಾಸವಿಲ್ಲದೆ ಕಳುಹಿಸಿದ ನೌಕೆಯೇ ನಿಜವಾದ ದುಬಾರಿ. ವೈಕಿಂಗ್‌ನ ಉತ್ತರವನ್ನು ಇಂದಿಗೂ ವಿಜ್ಞಾನಿಗಳು ಬಿಡಿಸುತ್ತಾ ಕುಳಿತಿರುವುದೇ ಇದಕ್ಕೆ ಸಾಕ್ಷಿ.

ಅವಸರದ ಅಪಾಯವೂ ಅಷ್ಟೇ. ಅಂಟಾರ್ಕ್ಟಿಕಾದಲ್ಲಿ 1984ರಲ್ಲಿ ಸಿಕ್ಕ ಮಂಗಳನ ಉಲ್ಕಾಶಿಲೆಯೊಂದರಲ್ಲಿ ಪುರಾತನ ಜೀವದ ಕುರುಹುಗಳಿವೆಯೆಂದು 1996ರಲ್ಲಿ ಜಗತ್ತಿಗೇ ಸಾರಿದ್ದರು. ಬಹುಮಂದಿ ವಿಜ್ಞಾನಿಗಳು ಅದನ್ನು ಇಂದೂ ಒಪ್ಪಿಲ್ಲ. ಆ ಅನುಭವದಿಂದಲೋ ಏನೋ, ಈಗ ಮಾತು ತೂಕದ್ದಾಗಿದೆ. 2021ರಿಂದ ಮಂಗಳನ ಜೆಜೆರೊ ಕುಳಿಯಲ್ಲಿರುವ ಪರ್ಸಿವಿಯರೆನ್ಸ್ ಶೋಧಯಾನ, ನಮ್ಮ ಪಿನಾಕಿನಿಯಂತೆ ಬತ್ತಿದ ಒಂದು ನದಿಯ ಪಾತ್ರದಲ್ಲಿ, 2024ರ ಜುಲೈನಲ್ಲಿ ಚಿರತೆಯ ಮೈಯಂತೆ ಚುಕ್ಕೆಗಳುಳ್ಳ ಕೆಸರುಗಲ್ಲೊಂದನ್ನು ಕಂಡಿತು. ಆ ಚುಕ್ಕೆಗಳಲ್ಲಿರುವ ಖನಿಜಗಳು ಭೂಮಿಯ ಮೇಲೆ ಹಲವು ಬಾರಿ ಸೂಕ್ಷ್ಮಜೀವಿಗಳಿಂದ ಉಂಟಾಗುತ್ತವೆ, ಜೀವವಿಲ್ಲದೆಯೂ ಆಗಬಲ್ಲವು. 2025ರ ಸೆಪ್ಟೆಂಬರಿನಲ್ಲಿ ನಾಸಾ ಅದನ್ನು ಜೀವದ ಸಂಭವನೀಯ ಕುರುಹು ಎಂದಷ್ಟೇ ಕರೆಯಿತು. ಕೊರೆದು ತೆಗೆದ ಮಾದರಿ ಕೊಳವೆಯೊಂದರಲ್ಲಿ ಭದ್ರವಾಗಿದೆ, ಭೂಮಿಗೆ ಇನ್ನೂ ಬಂದಿಲ್ಲ. ಅಟಕಾಮಾದ 'ಕೆಂಪು ಕಲ್ಲು' ಎಂಬ ಪುರಾತನ ನದೀಮುಖಜ ಭೂಮಿಯಲ್ಲಿ ಇಂಥ ಉಪಕರಣಗಳನ್ನು ಪರೀಕ್ಷಿಸಿದವರು 2023ರಲ್ಲಿ ಪ್ರಕಟಿಸಿದ್ದೇನೆಂದರೆ, ಭೂಮಿಯ ಪ್ರಯೋಗಶಾಲೆಗಳಿಗೆ ಸಿಕ್ಕ ಜೀವದ ಗುರುತುಗಳನ್ನು ಮಂಗಳನಿಗೆ ಕಳುಹಿಸುವಂಥ ಉಪಕರಣಗಳು ಬಹಳ ಕಷ್ಟದಿಂದ ಕಂಡವು, ಕೆಲವು ಕಾಣಲೇ ಇಲ್ಲ.

ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ಶೋಧಯಾನ 2028ರಲ್ಲಿ ಹೊರಡಬೇಕಿದೆ. ಮಂಗಳನ ನೆಲವನ್ನು ಎರಡು ಮೀಟರ್ ಆಳದವರೆಗೆ ಕೊರೆದು ನೋಡುವುದು ಅದರ ಕೆಲಸ. ವಿಕಿರಣ ತಲುಪದ ಆಳದಲ್ಲಿ ಏನಾದರೂ ಉಳಿದಿರಬಹುದೆಂಬ ಆಸೆ. ಅದರ ಕೆಲಸದ ಕ್ರಮವನ್ನು 2013ರಲ್ಲೇ ಅಟಕಾಮಾದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಈ ವಿಷಯವನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಬೆರಳು ಮಡಚಿ ಎಣಿಸಿ, ಆಗ ತಾನು ಯಾವ ತರಗತಿಯಲ್ಲಿರುತ್ತೇನೆಂದು ಲೆಕ್ಕ ಹಾಕಿದಳು. ಬಂಡೆಯಿಂದ ಕೆರೆದು ತಂದ ಒಣ ಮಚ್ಚೆಯ ಚೂರು ಅವಳ ಬೆಂಕಿಪೊಟ್ಟಣದಲ್ಲಿ ಇನ್ನೂ ಇದೆ. ಅದಕ್ಕೆ ನೀರು ಹಾಕಕೂಡದೆಂದು ಅಜ್ಜಿಗೆ ಕಟ್ಟಪ್ಪಣೆಯಾಗಿದೆ.